ಸಂಜೆಯ ಕಾರಭಾರಿ

ನಮ್ಮ ಮನೆಯಲ್ಲಿ ಊಟಕ್ಕೆ ಗಡಿಯಾರವಿರಲಿಲ್ಲ, ಹುಣಸೆ ಮರವಿತ್ತು. ಹಿತ್ತಲಿನ ಆಚೆ ನಿಂತಿದ್ದ ಆ ಮರದ ನೆತ್ತಿಗೆ ಸೂರ್ಯ ಬಂದನೆಂದರೆ ಪಡಸಾಲೆಯಲ್ಲಿ ತಾಟುಗಳ ಸದ್ದು ಶುರುವಾಗುತ್ತಿತ್ತು. ಕೊಂಬೆಗಳ ಸಂದಿಗೆ ಇಳಿದನೆಂದರೆ ಎರಡನೇ ಸಲದ ರೊಟ್ಟಿ. ಬೊಡ್ಡೆಯ ಹಿಂದೆ ಕೆಂಪಾದನೆಂದರೆ ಮುಗಿಯಿತು, ಕೈ ತೊಳೆಯಬೇಕು. ನಾವು ಜೈನರು. ಕತ್ತಲಾದ ಮೇಲೆ ಉಣ್ಣುವುದಿಲ್ಲ, ಒಲೆ ಹಚ್ಚುವುದಿಲ್ಲ. ಬೇಯಿಸಿದ್ದು ರಾತ್ರಿ ಕಳೆಯಬಾರದೆಂದು ಉಳಿದದ್ದೆಲ್ಲ ದನಗಳ ಬಾನಿಗೆ ಹೋಗುತ್ತಿತ್ತು. ನಮ್ಮೂರು ಪಾರಿಶ್ವಾಡದ ಉಳಿದ ಮನೆಗಳ ಹೆಂಗಸರು ಹೊಲದಿಂದ ಬಂದು, ಕಾಲು ತೊಳೆದು, ಒಲೆಗೆ ಕಟ್ಟಿಗೆ ಒಟ್ಟುವ ಹೊತ್ತಿಗೆ ನಮ್ಮ ಒಲೆ ಆರಿ, ಸಾರಿಸಿ, ನಾಳೆಯ ಕೆಲಸಕ್ಕೆ ಸಿದ್ಧವಾಗಿರುತ್ತಿತ್ತು. ಊರಿನ ಹೊಗೆ ಏಳುವುದನ್ನು ನಾನು ಹೊಟ್ಟೆ ತುಂಬಿಸಿಕೊಂಡು ಕಟ್ಟೆಯ ಮೇಲೆ ಕುಳಿತು ನೋಡುತ್ತಿದ್ದೆ. ಚಿಕ್ಕವಳಿದ್ದಾಗ ನಮ್ಮ ರೀತಿಯೇ ಲೋಕದ ರೀತಿಯೆಂದು ತಿಳಿದಿದ್ದೆ. ಉಳಿದವರೆಲ್ಲ ಯಾಕಿಷ್ಟು ತಡ ಮಾಡುತ್ತಾರೋ, ಪಾಪ, ಅನಿಸುತ್ತಿತ್ತು.

ಅಪ್ಪನ ತಾಯಿಯನ್ನು ನಾವು ಆಯಿ ಎನ್ನುತ್ತಿದ್ದೆವು. ಮನೆಯಲ್ಲಿ ಅಪ್ಪ, ಅವ್ವ, ಕಾಕಾ, ಕಾಕು, ನಾವು ಮಕ್ಕಳು, ಹೊಲದ ಆಳುಗಳು, ಬಂದು ಹೋಗುವವರು, ಹೀಗೆ ಯಾವಾಗಲೂ ಜನ. ಇಷ್ಟೂ ಜನ ಕತ್ತಲಾಗುವ ಮೊದಲು ಉಂಡಿರಬೇಕೆಂದರೆ ಸುಮ್ಮನೆ ಅಲ್ಲ. ಅದಕ್ಕಾಗಿ ಆಯಿ ಒಂದು ಪದ್ಧತಿ ಇಟ್ಟಿದ್ದಳು. ವಾರಕ್ಕೊಬ್ಬ ಮಗುವನ್ನು ಸಂಜೆಯ ಕಾರಭಾರಿ ಮಾಡುತ್ತಿದ್ದಳು. ಕಾರಭಾರಿಯಾದವರು ಹಿತ್ತಲ ಕಟ್ಟೆಯ ಮೇಲೆ ನಿಂತು ಒಂದು ಕಣ್ಣು ಹುಣಸೆ ಮರದ ಮೇಲೆ, ಇನ್ನೊಂದು ಕಣ್ಣು ಹೊಲದ ದಾರಿಯ ಮೇಲೆ ಇಡಬೇಕು. ಬರದವರನ್ನು ಕೂಗಿ ಕರೆಯಬೇಕು, ಕೂಗು ಮುಟ್ಟದಿದ್ದರೆ ಓಡಬೇಕು. ಎಲ್ಲರಿಗೂ ಬಡಿಸಿ, ಕೊನೆಗೆ ತಾವು ಉಂಡು, ಸೂರ್ಯನಿಗಿಂತ ಮೊದಲು ಪಾತ್ರೆ ಬರಿದು ಮಾಡಬೇಕು. ಹಿರಿಯರೆಂದು ಬಿಡುವಂತಿಲ್ಲ, ಕಾರಭಾರಿ ಕೂಗಿದಾಗ ಅಪ್ಪನೂ ಎತ್ತಿನ ಹಗ್ಗ ಬಿಟ್ಟು ಬರಬೇಕಿತ್ತು. ಒಮ್ಮೆ ನನ್ನ ತಮ್ಮ ಬಾಬು ಕಾರಭಾರಿಯಾಗಿದ್ದಾಗ ಗೋಲಿಯಾಟದಲ್ಲಿ ಮೈಮರೆತ. ಹೊಳೆಯ ಕಡೆ ಹೋಗಿದ್ದ ಕಾಕಾ ಬರುವಷ್ಟರಲ್ಲಿ ಹೊತ್ತು ಮುಳುಗಿತ್ತು. ಕಾಕಾ ನೀರೂ ಕುಡಿಯದೆ ಮಲಗಿಬಿಟ್ಟ. ಬಾಬುವನ್ನು ಯಾರೂ ಬೈಯಲಿಲ್ಲ. ಅದೇ ಅವನಿಗೆ ಹೊಡೆತಕ್ಕಿಂತ ಹೆಚ್ಚಾಯಿತು. ಕಾಕಾನ ಹಾಸಿಗೆಯ ಹತ್ತಿರವೇ ಅಳುತ್ತಾ ನಿದ್ದೆ ಹೋದ. ಪ್ರತಿ ಸಂಜೆ ಪಾತ್ರೆ ತೊಳೆದ ಮೇಲೆ ಆಯಿ ಕಾರಭಾರಿಯನ್ನು ಒಂದೇ ಮಾತು ಕೇಳುತ್ತಿದ್ದಳು.

"ಎಲ್ಲಾರೂ ಬಂದ್ರೇನ?"

"ಬಂದ್ರು" ಎಂದು ಹೇಳಿ ಆಯಿಯ ಪಕ್ಕದಲ್ಲಿ ಕೂರುವ ಸುಖವನ್ನು ನಾನು ಹೇಗೆ ಹೇಳಲಿ! ಮುಂದೆ ಎಷ್ಟೋ ಕಡೆ ಕೊರಳಿಗೆ ಹಾರ ಬಿದ್ದಿದೆ, ಆ ಒಂದು ಪದದ ಸಮಕ್ಕೆ ಯಾವುದೂ ಬರಲಿಲ್ಲ.

ನಾನು ಹೈಸ್ಕೂಲಿನಲ್ಲಿದ್ದಾಗ, ಎಪ್ಪತ್ತರ ದಶಕದ ನಡುವೆ, ಊರಿನ ಹುಡುಗರಿಗೆ ಆಗಲೇ ಒಂದು ಯುವಕ ಮಂಡಳವಿತ್ತು. ಒಂದು ಬೋರ್ಡು, ಒಂದು ಕೇರಂ ಮಣೆ ಮತ್ತು ಬೇಕಾದಷ್ಟು ಜಗಳ. ಹುಡುಗಿಯರಿಗೆ ಏನೂ ಇರಲಿಲ್ಲ. ಖಾನಾಪುರದ ತಾಲೂಕು ಕಚೇರಿಯಿಂದ ಕಮಲಾಬಾಯಿ ಎಂಬ ಗ್ರಾಮಸೇವಕಿ ವಾರಕ್ಕೊಮ್ಮೆ ಬಸ್ಸಿನಲ್ಲಿ ಬರುತ್ತಿದ್ದರು. ಊರೆಲ್ಲ ಅವರನ್ನು ಬಾಯಾರು ಎನ್ನುತ್ತಿತ್ತು. ಬಿಗಿಯಾಗಿ ಕಟ್ಟಿದ ತುರುಬು, ಹೆಗಲಿಗೆ ಚೀಲ, ಗಂಡಸರ ಹಾಗೆ ದೊಡ್ಡ ಹೆಜ್ಜೆ. ಓದು ಬಿಟ್ಟ ಹುಡುಗಿಯರು, ಓದುತ್ತಿರುವ ಹುಡುಗಿಯರು ಎಲ್ಲ ಸೇರಿ ಯುವತಿ ಮಂಡಳ ಮಾಡಬೇಕು, ಕೂರಲು ಜಾಗ ಕೊಡಿ ಎಂದು ಅವರು ನಮ್ಮ ಪಡಸಾಲೆ ಕೇಳಿಕೊಂಡು ಬಂದರು. ಅಪ್ಪನಿಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತಿತ್ತು. ಬಾಯಾರು ಹೊಸಿಲು ದಾಟುವವರೆಗೆ ತಡೆದುಕೊಂಡಿದ್ದು, ಆಮೇಲೆ ಆಯಿಯ ಮುಂದೆ ಹಾರಾಡಿದ.

"ಹುಡಗ್ಯಾರ ಮಂಡಳ ಅಂತ! ಊರ ಮಂದಿ ಏನ ಅಂದಾರು? ನಮ್ಮ ಪಡಸಾಲಿ ಏನ ಚಾವಡಿ ಐತೇನವಾ?"

"ಚಾವಡ್ಯಾಗ ಕುಂತು ಗಂಡಸರು ಏನ ಉದ್ಧಾರ ಮಾಡ್ಯಾರ? ಇವರು ನನ್ನ ಕಣ್ಣಮುಂದ ಕುಂದರ್ತಾರ. ಕುಂದರ್ಲಿ ಬಿಡು."

ಆ ಜಗಳ ಹಲವು ದಿನ ನಡೆಯಿತು. ಅಪ್ಪ ತಾಯಿಗೆ ಎದುರು ಮಾತಾಡುವವನಲ್ಲ, ಆದರೆ ರೊಟ್ಟಿ ಮುರಿಯುವ ರಭಸದಲ್ಲಿ ಉತ್ತರ ಕೊಡುತ್ತಿದ್ದ. ಕೊನೆಗೆ ಆಯಿಯೇ ಗೆದ್ದಳು. ವಾರಕ್ಕೊಂದು ಮಧ್ಯಾಹ್ನ ಹುಡುಗಿಯರು ನಮ್ಮ ಪಡಸಾಲೆ ತುಂಬಿದರು. ಹೊಲಿಗೆ, ಹಿತ್ತಲ ಕಾಯಿಪಲ್ಯ, ಪೇಪರು ಓದಿ ಹೇಳುವುದು, ಇಂಥ ಕೆಲಸಗಳ ನಡುವೆ ಬಾಯಾರು ಒಂದು ಶಿಕ್ಷೆ ಇಟ್ಟಿದ್ದರು: ಪ್ರತಿಯೊಬ್ಬಳೂ ನಡುಗಂಬದ ಹತ್ತಿರ ನಿಂತು ಏನಾದರೂ ಮಾತಾಡಬೇಕು. ಮೊದಮೊದಲು ನಾವು ಕಂಬದ ಹತ್ತಿರ ಅಲ್ಲ, ಕಂಬದ ಹಿಂದೆ ನಿಲ್ಲುತ್ತಿದ್ದೆವು. ನನ್ನ ಗೆಳತಿ ಜೈತುನ್ ಅಂತೂ ಕಂಬವನ್ನು ತಬ್ಬಿಕೊಂಡು ಅದರ ಕಿವಿಯಲ್ಲೇ ಗುಟ್ಟು ಹೇಳುತ್ತಿದ್ದಳು. ಅವಳ ಮನೆ ನಮ್ಮ ಓಣಿಯ ಕೊನೆಯಲ್ಲಿ. ಮನೆಯಲ್ಲಿ ಅವರದು ದಖನಿ ಉರ್ದು ಮಾತು, ನಮ್ಮ ಜೊತೆ ನಮಗಿಂತ ಚೆನ್ನಾದ ಕನ್ನಡ. ಆಯಿ ಮೂಲೆಯಲ್ಲಿ ಶೇಂಗಾ ಒಡೆಯುತ್ತಾ ಕೂತಿರುತ್ತಿದ್ದಳು. ಅವಳಿಗೆ ಕಿವಿ ಮಂದ, ಕುತೂಹಲ ಮಾತ್ರ ಚುರುಕು. ಒಬ್ಬೊಬ್ಬಳು ಬಾಯಿ ತೆರೆದ ಕೂಡಲೇ ಮೂಲೆಯಿಂದ ಬರುತ್ತಿತ್ತು:

"ಕೇಳಸವಲ್ದು! ಗಂಟಲಾಗ ಏನ ಸಿಕ್ಕೊಂಡೈತಿ? ಜೋರ ಹೇಳ!"

ಬಾಯಾರು ಸಭಾಕಂಪನ, ಧೈರ್ಯ ಎಂದು ಏನೇನೋ ಹೇಳಿಕೊಡುತ್ತಿದ್ದರು. ನಮಗೆ ದನಿ ಬಂದದ್ದು ಮಾತ್ರ ಆಯಿಯ ಕಿವುಡಿನಿಂದ. ಅವಳಿಗೆ ಕೇಳುವ ಹಾಗೆ ಹೇಳಿದರೆ ಊರಿಗೇ ಕೇಳುತ್ತಿತ್ತು. ಕೆಲವು ತಿಂಗಳಲ್ಲಿ ಜೈತುನ್ ಕಂಬ ಬಿಟ್ಟು ಪಡಸಾಲೆಯ ನಡುವೆ ನಿಂತು, ಹುಡುಗಿಯರು ನೀರಿಗೆ ಹೋಗುವ ದಾರಿಯಲ್ಲಿ ಯುವಕ ಮಂಡಳದವರು ಕೂತು ಹಾಡುವುದರ ಬಗ್ಗೆ ಭಾಷಣ ಮಾಡಿದಳು. ಹೊರಗೆ ಕಟ್ಟೆಯ ಮೇಲೆ ಕೂತಿದ್ದ ಯುವಕ ಮಂಡಳದ ಅಧ್ಯಕ್ಷ ಎದ್ದು ಹೋದ. ಆಯಿ ಮೊದಲ ಸಲ "ಕೇಳಸ್ತು" ಅಂದಳು.

ಮಂಡಳಕ್ಕೆ ನನ್ನನ್ನು ಅಧ್ಯಕ್ಷಿ ಮಾಡಿದ್ದರು, ಮನೆ ನಮ್ಮದೆಂದು. ನನ್ನ ಹೆಚ್ಚುಗಾರಿಕೆ ಅದರಲ್ಲಿ ಏನೂ ಇರಲಿಲ್ಲ. ಆದರೆ ಮರುವರ್ಷ ಬಾಯಾರು ಬೆಳಗಾವಿಯಲ್ಲಿ ನಡೆಯುವ ಮುಂದಾಳುಗಳ ಶಿಬಿರಕ್ಕೆ ನನ್ನ ಹೆಸರು ಹೇಳಿದರು. ಒಂದು ತಿಂಗಳು, ಜಿಲ್ಲೆಯ ಎಲ್ಲ ಕಡೆಯ ಹುಡುಗಿಯರು, ವಸತಿ ಅಲ್ಲೇ. ನಾನು ಬೆಳಗಾವಿಯನ್ನು ನೋಡಿದ್ದು ಒಮ್ಮೆ, ಮದುವೆಯ ಸೀರೆ ತರಲು ಹೋದ ಹೆಂಗಸರ ಬಾಲವಾಗಿ. ರಾತ್ರಿಯೆಲ್ಲ ಆ ಶಿಬಿರದ ಕನಸು ಕಾಣತೊಡಗಿದೆ. ಮ್ಯಾಟ್ರಿಕ್ ಮುಗಿದ ಮೇಲೆ ನನ್ನನ್ನು ಮನೆಯಲ್ಲಿ ಕೂರಿಸುವುದೆಂದು ಅಪ್ಪ ಆಗಲೇ ಮನಸ್ಸಿನಲ್ಲಿ ಇಟ್ಟುಕೊಂಡಿದ್ದ. ಹೊರಗೆ ಹೋಗಲು ನನಗೆ ಕಾಣಿಸುತ್ತಿದ್ದ ಬಾಗಿಲು ಇದೊಂದೇ. ಅಷ್ಟರಲ್ಲಿ ತಾಲೂಕಿನ ಯುವತಿ ಮಂಡಳಗಳ ಮೇಳ ಈ ಸಲ ಪಾರಿಶ್ವಾಡದಲ್ಲಿ, ನಮ್ಮ ಮನೆಯಲ್ಲೇ, ಎಂದು ಗೊತ್ತಾಯಿತು. ಅಪ್ಪ ನನ್ನನ್ನು ಕರೆದು ಕೂರಿಸಿ ಹೇಳಿದ.

"ಮೇಳಾ ಆಗಲಿ. ಖರೇ ಮನಿ ರೀತಿ ಅವತ್ತ ತಪ್ಪಿತು ಅಂದ್ರ ಬೆಳಗಾಂವಿನೂ ಬ್ಯಾಡ, ಮಂಡಳಾನೂ ಬ್ಯಾಡ. ತಪ್ಪಲಿಲ್ಲಂದ್ರ ನೋಡೂಣು."

ಮನೆಯ ರೀತಿ ನನಗೆ ಹೇಳಿಕೊಡಬೇಕೇ! ನಾನು ಕಾರಭಾರಿಯಾಗಿ ಬೆಳೆದವಳು. ಮೇಳದ ದಿನ ಅಪ್ಪ ನಂದಗಡದ ಸಂತೆಗೆ ಹೋಗಿದ್ದ. ಮುಂಜಾನೆಯಿಂದ ಒಂದೊಂದೇ ಊರಿನ ಹುಡುಗಿಯರು ಬಂದು ಸೇರಿದರು. ಹಾಡು, ಆಟ, ಕಂಬದ ಹತ್ತಿರ ಭಾಷಣ, ಆಯಿಯ "ಕೇಳಸವಲ್ದು". ಸೂರ್ಯ ಹುಣಸೆಯ ನೆತ್ತಿಗೆ ಬಂದ ಕೂಡಲೇ ನಾನು ಎಲ್ಲರನ್ನೂ ಪಂಕ್ತಿಗೆ ಕೂರಿಸಿದೆ. ರೊಟ್ಟಿ, ಹೆಸರುಕಾಳಿನ ಪಲ್ಯ, ಶೇಂಗಾ ಚಟ್ನಿ, ಗೋಧಿ ಹುಗ್ಗಿ. "ಇಷ್ಟ ಲಗೂ ಊಟಾ?" ಎಂದು ನಗುತ್ತಲೇ ಎಲ್ಲರೂ ಚೆನ್ನಾಗಿ ಉಂಡರು. ಜಾಂಬೋಟಿಯವರು ಮಾತ್ರ ಬಂದಿರಲಿಲ್ಲ. ಅವರನ್ನು ಕರೆತರಲೆಂದು ಬಾಯಾರು ಖಾನಾಪುರದಲ್ಲೇ ಉಳಿದಿದ್ದರು. ಮಧ್ಯಾಹ್ನದ ಬಸ್ಸು ನೋಡಿದೆ, ಉಂಡ ಹುಡುಗಿಯರು ತಮ್ಮ ಊರುಗಳಿಗೆ ಮರಳಿದ ಸಂಜೆಯ ಬಸ್ಸೂ ನೋಡಿದೆ. ನಮ್ಮಲ್ಲಿ ಆಕಾಶ ತಿಳಿಯಾಗಿತ್ತು, ಜಾಂಬೋಟಿಯ ಕಾಡಿನಲ್ಲಿ ಮಳೆ ಹೊಡೆಯುತ್ತಿರಬಹುದೆಂದು ಹೊಳೆಯಲೇ ಇಲ್ಲ. ಸೂರ್ಯ ಬೊಡ್ಡೆಯ ಹಿಂದೆ ಕೆಂಪಾದ. ಹೊತ್ತು ಮುಳುಗಿದ ಮೇಲೆ ಉಣ್ಣಲಿಕ್ಕೆಂದು ನಮ್ಮ ಮನೆಗೆ ಯಾರೂ ಬಂದದ್ದಿಲ್ಲ. ಆದ್ದರಿಂದ ಇನ್ನು ಬರುವವರೂ ಇಲ್ಲ ಎಂದು ನನ್ನ ಲೆಕ್ಕ. ಉಳಿದ ರೊಟ್ಟಿ, ಪಲ್ಯ, ಹುಗ್ಗಿ ಎಲ್ಲವನ್ನೂ ಎಮ್ಮೆಯ ಬಾನಿಗೆ ಸುರಿಸಿದೆ. ಪಾತ್ರೆ ಬೆಳಗಿಸಿದೆ. ಒಲೆ ಸಾರಿಸಿದೆ. ಎಲ್ಲ ಎಷ್ಟು ಅಚ್ಚುಕಟ್ಟಾಯಿತೆಂದರೆ ಬೆಳಗಾವಿ ನನ್ನ ಕೈಗೆ ಬಂತೆಂದೇ ಅನಿಸಿತು.

ಆಗ ಕೊನೆಯ ಬಸ್ಸಿನ ಹಾರ್ನು ಕೇಳಿಸಿತು. ಸ್ವಲ್ಪ ಹೊತ್ತಿಗೆ ತಲಬಾಗಿಲಲ್ಲಿ ಬಾಯಾರು, ಅವರ ಹಿಂದೆ ತೊಯ್ದು ತೊಪ್ಪೆಯಾದ ಹುಡುಗಿಯರ ಒಂದು ಸಾಲು. ಎಲ್ಲರಿಗಿಂತ ಎತ್ತರದವಳು ಸುಮನ, ಜಾಂಬೋಟಿ ಮಂಡಳದ ಅಧ್ಯಕ್ಷಿ, ಮಾತು ಅರ್ಧ ಮರಾಠಿ, ಅರ್ಧ ಕನ್ನಡ. "ವಾಟೇತ ಝಾಡ ಪಡಲಂ" ಅಂದಳು. ದಾರಿಗೆ ಅಡ್ಡಲಾಗಿ ಮರ ಬಿದ್ದಿತ್ತಂತೆ. ಬಸ್ಸು ಹಾಗೇ ನಿಂತಿತ್ತಂತೆ. ದನದ ಮನೆಯಲ್ಲಿ ಎಮ್ಮೆ ಹುಗ್ಗಿ ತಿಂದ ಮೂತಿ ನೆಕ್ಕುತ್ತಿತ್ತು.

"ಹುಡುಗ್ಯಾರು ಮುಂಜಾನಿಂದ ಏನೂ ತಿಂದಿಲ್ಲ, ಪದ್ಮಾ" ಎಂದರು ಬಾಯಾರು.

ಏನು ಮಾಡಲಿ ಎಂಬಂತೆ ಬಾಯಾರ ಮುಖ ನೋಡಿದೆ. ಅವರು ಮನೆಗೆ ಬಂದ ಅತಿಥಿಯ ಹಾಗೆ ಕಟ್ಟೆಯ ಮೇಲೆ ಕೂತು ಸೀರೆಯ ಅಂಚು ಹಿಂಡತೊಡಗಿದರು.

"ನನ್ನನ್ನ ಯಾಕ ನೋಡ್ತೀ? ಅಧ್ಯಕ್ಷಿ ನೀನು. ನಾನೂ ಇವತ್ತ ಪಾವಣೇರ ಪೈಕಿನ."

ಅಡುಗೆಮನೆಗೆ ಓಡಿದೆ. ಅವ್ವ ನನ್ನ ಮುಖ ನೋಡಿ ಎಲ್ಲ ತಿಳಿದುಕೊಂಡಳು. ಕಟ್ಟಿಗೆಗೆ ಕೈ ಹಾಕಿ, ಪಿಸುದನಿಯಲ್ಲಿ, "ಒಲಿ ಹಚ್ಚಲೇನವಾ?" ಎಂದಳು. ಜೀವಮಾನದಲ್ಲಿ ಆ ಹೊತ್ತಿನಲ್ಲಿ ಬೆಂಕಿ ಮುಟ್ಟದವಳು ನನಗಾಗಿ ಮುಟ್ಟಲು ಸಿದ್ಧಳಾಗಿದ್ದಳು. ಒಲೆ ಹಚ್ಚಿದರೆ ಬೆಳಗಾವಿ ಹೋಯಿತು, ಮಂಡಳ ಹೋಯಿತು. ಹಚ್ಚದಿದ್ದರೆ ಮನೆಗೆ ಬಂದ ಹುಡುಗಿಯರು ಉಪವಾಸ. ದೇವರಕೋಣೆಯ ಹೊಸಿಲಲ್ಲಿ ಜಪಮಣಿ ಹಿಡಿದು ಕೂತಿದ್ದ ಆಯಿಯ ಕಿವಿಗೆ ಬಾಯಿಟ್ಟು ಎಲ್ಲವನ್ನೂ ಹೇಳಿದೆ. ಅವಳು ಮಣಿ ಎಣಿಸುವುದನ್ನು ನಿಲ್ಲಿಸಿದಳು.

"ಯಾರ ಬಂದಿಲ್ಲ ಅಂತ ನೋಡೂದು ಕಲಿಸಿದ್ನಿ. ಬಂದವರನ್ನ ಏನ ಮಾಡೂದು, ಅದನ್ನ ನೀನ ನೋಡು."

ಅಷ್ಟು ಹೇಳಿ ಮತ್ತೆ ಜಪಕ್ಕೆ ತೊಡಗಿದಳು. ಎಂಥ ಸಿಟ್ಟು ಬಂತು ಅವಳ ಮೇಲೆ! ಸಿಟ್ಟಿನಲ್ಲೇ ಹಿತ್ತಲ ಕಟ್ಟೆ ಹತ್ತಿದೆ. ಅಭ್ಯಾಸ, ಇನ್ನೇನು, ಕಾರಭಾರಿಗೆ ದಿಕ್ಕು ತೋಚದಿದ್ದಾಗ ಕಟ್ಟೆ ಹತ್ತುವುದು. ಹುಣಸೆ ಮರ ಕಪ್ಪಗೆ ನಿಂತಿತ್ತು. ಅದರ ಆಚೆ, ಈಚೆ, ಓಣಿ ಓಣಿಯ ಹೆಂಚುಗಳ ಮೇಲಿಂದ ಹೊಗೆ ಏಳುತ್ತಿತ್ತು. ಊರಿನ ಒಲೆಗಳೆಲ್ಲ ಆಗಷ್ಟೇ ಹೊತ್ತಿಕೊಂಡಿದ್ದವು. ಹುಟ್ಟಿದಾಗಿನಿಂದ ದಿನವೂ ನೋಡಿದ ಹೊಗೆ ಅದು. ಅವತ್ತು ಮೊದಲ ಸಲ ಅದರ ಕೆಳಗಿನ ರೊಟ್ಟಿಗಳು ಕಾಣಿಸಿದವು.

ಒಳಗೆ ಬಂದು ನಡುಗಂಬದ ಮುಂದೆ ನಿಂತೆ. ಆಯಿಗೆ ಕೇಳುವ ಹಾಗೆ ಹೇಳಿದೆ.

"ನಮ್ಮ ಒಲಿ ಆರೇತಿ. ನಿಮ್ಮ ಮನ್ಯಾಗಿನ ಒಲಿ ಈಗ ಹತ್ಯಾವ. ಒಬ್ಬೊಬ್ರು ಇಬ್ಬಿಬ್ರನ್ನ ಕರ್ಕೊಂಡ ಹೋಗ್ರಿ. ಉಣಿಸ್ರಿ, ತಿರಗಿ ಇಲ್ಲೇ ಕರ್ಕೊಂಡ ಬರ್ರಿ."

ಪಾತ್ರೆ ಬೆಳಗಲು ಉಳಿದಿದ್ದ ನಮ್ಮ ಮಂಡಳದ ಹುಡುಗಿಯರಿಗೆ ಇನ್ನೊಂದು ಮಾತು ಬೇಕಾಗಲಿಲ್ಲ. ಬಾಯಾರನ್ನೂ ಸೇರಿಸಿ ಕೈ ಹಿಡಿದು ಎಳೆದುಕೊಂಡೇ ಹೋದರು. ಪಡಸಾಲೆ ಬರಿದಾಗುತ್ತಾ ಬಂತು. ಕೊನೆಗೆ ಸುಮನ, ಅವಳ ಜೊತೆಯ ಒಬ್ಬ ಚಿಕ್ಕ ಹುಡುಗಿ, ಎದುರಿಗೆ ಜೈತುನ್. ಜೈತುನ್ ಮುಂದೆ ಬರಲಿಲ್ಲ. ಊರಿಗೇ ಭಾಷಣ ಮಾಡಿದ ಹುಡುಗಿ ಮತ್ತೆ ಕಂಬ ಹಿಡಿದು ನಿಂತಿದ್ದಳು. ಯಾಕೆಂದು ನಮಗಿಬ್ಬರಿಗೂ ಗೊತ್ತಿತ್ತು. ಪರ ಊರಿನ ಮರಾಠರ ಹುಡುಗಿಯರು ಮುಸಲ್ಮಾನರ ಮನೆಯಲ್ಲಿ ಉಣ್ಣುತ್ತಾರೋ ಇಲ್ಲವೋ, ಕೇಳಿ ಇಲ್ಲ ಅನಿಸಿಕೊಳ್ಳುವುದು ಯಾರಿಗೆ ಬೇಕು?

"ಜೈತುನ್‌ನ ಮನಿಗೆ ನಾನೂ ಬರ್ತೀನಿ, ಬರ್ರಿ" ಅಂದೆ ಸುಮನಳಿಗೆ.

ಸುಮನ ನಮ್ಮಿಬ್ಬರ ಮುಖ ನೋಡಿದಳು. ಅವಳಿಗೂ ತಿಳಿಯಿತು.

"ಭಾಕರಿ ಸಿಗತೈತಲಾ? ಮತ್ತ ಚಲಾ!"

ರೊಟ್ಟಿ ಸಿಕ್ಕರೆ ಸಾಕೆಂದ ಆ ಹಸಿದ ಹೊಟ್ಟೆಗೆ ದೇವರು ಒಳ್ಳೆಯದು ಮಾಡಲಿ. ಜೈತುನ್‌ನ ತಾಯಿ ಹಲೀಮಾ ಚಾಚಿ ನಮ್ಮನ್ನು ನೋಡಿದ್ದೇ ಹಿಟ್ಟಿನ ಡಬ್ಬಿ ತೆಗೆದಳು. ಕರೆಂಟು ಹೋಗಿತ್ತು. ಬುಡ್ಡಿ ದೀಪ ಒಲೆಯ ಹತ್ತಿರ ಬೇಕು, ತಾಟಿನ ಹತ್ತಿರ ಕತ್ತಲೆ. ಬಿಸಿ ರೊಟ್ಟಿ, ಬೇಳೆ, ಚಟ್ನಿ. ಹುಡುಗಿಯರು ತಡವುತ್ತಾ ತಿನ್ನುತ್ತಿದ್ದರು, ನಾನು ಪಕ್ಕದಲ್ಲಿ ಕೈ ಕಟ್ಟಿ ಕೂತಿದ್ದೆ. ಬಾಗಿಲಲ್ಲಿ ಬೆಳಕು ಬಿತ್ತು. ಕಂದೀಲು ಹಿಡಿದು ಅಪ್ಪ ನಿಂತಿದ್ದ.

ಸಂತೆಯಿಂದ ಬಂದವನಿಗೆ ಕಂಡದ್ದು ಬರಿದಾದ ಪಡಸಾಲೆ. ಮಗಳು ಎಲ್ಲಿ ಎಂದರೆ ಆಯಿ "ಊರಾಗ ಅದಾಳ" ಎಂದಿದ್ದಳಂತೆ. ಕತ್ತಲಾದ ಮೇಲೆ ಹೆಣ್ಣುಮಗಳು ಊರಲ್ಲಿ!

"ಯಾರನ್ನ ಕೇಳಿ ಬಂದಿ?"

ನಡುಗಂಬದ ಹತ್ತಿರ ಕಲಿತ ದನಿಯಲ್ಲೇ ಹೇಳಿದೆ.

"ಯಾರನ್ನೂ ಕೇಳಿಲ್ಲಪ್ಪಾ. ಮನ್ಯಾಗ ಒಲಿ ಹಚ್ಚಿಲ್ಲ, ನಾನೂ ಇಲ್ಲಿ ಏನೂ ಉಂಡಿಲ್ಲ. ಪಾವಣೇರು ಉಪವಾಸ ಮಲಗಬಾರದಂತ ಊರಾಗ ಹಂಚೀನಿ."

ಅಪ್ಪ ಬಾಯಿ ತೆರೆದ. ಅಷ್ಟರಲ್ಲಿ ಹಲೀಮಾ ಚಾಚಿ ಒಲೆಯ ಮುಂದಿನಿಂದಲೇ, ಕೈಯಲ್ಲಿ ರೊಟ್ಟಿ ಬಡಿಯುತ್ತಲೇ ಅಂದಳು:

"ಅಣ್ಣಾರ, ಸಿಟ್ಟ ಆಮ್ಯಾಲ ಮಾಡ್ರಿ. ಮೊದ್ಲ ಆ ಕಂದೀಲ ಇತ್ತ ಹಿಡೀರಿ. ಕೂಸುಗಳಿಗೆ ತಾಟ ಕಾಣವಲ್ದು."

ಅಪ್ಪ ಹೊಸಿಲ ಮೇಲೆ ಹಾಗೇ ನಿಂತಿದ್ದ. ಆಮೇಲೆ ಚಪ್ಪಲಿ ಬಿಟ್ಟು ಒಳಗೆ ಬಂದು ಕಂದೀಲನ್ನು ತಾಟುಗಳ ಮೇಲೆ ಎತ್ತಿ ಹಿಡಿದ. ಹುಡುಗಿಯರು ಉಂಡು ಮುಗಿಸುವವರೆಗೂ ಹಿಡಿದೇ ಇದ್ದ. ಸುಮನ ಸಂಕೋಚ ಬಿಟ್ಟು ಮತ್ತೊಂದು ರೊಟ್ಟಿ ಕೇಳಿದಾಗ, ಅಪ್ಪನೇ ಚಾಚಿಗೆ, "ಸಣ್ಣಾಕಿಗೂ ಒಂದ ಹಾಕವಾ" ಅಂದ. ಆಮೇಲೆ ಅವನೇ ಮುಂದಾಗಿ ಓಣಿ ಓಣಿ ತಿರುಗಿ, ಪ್ರತಿ ಬಾಗಿಲಲ್ಲಿ ನಿಂತು, ಉಂಡವರನ್ನು ಕರೆದುಕೊಂಡ. ಕಂದೀಲಿನ ಹಿಂದೆ ನಮ್ಮ ಸಾಲು ಬೆಳೆಯುತ್ತಾ ಹೋಯಿತು. ಮನೆ ಮುಟ್ಟಿದಾಗ ಆಯಿ ತಲಬಾಗಿಲಲ್ಲೇ ಕೂತಿದ್ದಳು. ಕೇಳಿದ್ದು ನನ್ನನ್ನಲ್ಲ, ಅಪ್ಪನನ್ನು.

"ಎಲ್ಲಾರೂ ಬಂದ್ರೇನ?"

"ಬಂದ್ರು" ಅಂದ ಅಪ್ಪ, ಚಿಕ್ಕ ಹುಡುಗನ ಹಾಗೆ.

ಮರುದಿನ ಮುಂಜಾನೆ ಬಾವಿಯ ಹತ್ತಿರ ಅವ್ವ ನಮ್ಮ ರೀತಿಯಂತೆ ಕೊಡದ ಬಾಯಿಗೆ ಬಟ್ಟೆ ಕಟ್ಟಿ, ನೀರು ಸೇದಿ ಸೋಸುತ್ತಿದ್ದಳು. ಅಪ್ಪ ಹಲ್ಲುಜ್ಜುತ್ತಾ, ನನ್ನ ಕಡೆ ನೋಡದೆ, ಬಾಯಾರನ್ನು ಕೇಳಿದ, "ಬೆಳಗಾಂವಿಗೆ ಯಾವತ್ತ ಕಳಸೂದ್ರಿ?" ಅವ್ವನ ಕೈಯಿಂದ ಹಗ್ಗ ಜಾರಿ ಸೇದುವ ಬಿಂದಿಗೆ ಬಾವಿಗೆ ಬಿತ್ತು. ಅವತ್ತೇ ಆಯಿ ಪಡಸಾಲೆಯ ಮೊಳೆಗೆ ಒಂದು ಬುಟ್ಟಿ ತೂಗುಹಾಕಿಸಿದಳು. ಅದರಲ್ಲಿ ಚುರಮುರಿ, ಪುಟಾಣಿ, ಬೆಲ್ಲ, ಒಲೆ ಬೇಡದ ತಿನಿಸು. ಆ ಬುಟ್ಟಿ ಬರಿದಾದದ್ದನ್ನು ನಾನು ಕಾಣಲಿಲ್ಲ. ಹೊರಡುವ ದಿನ ಆಯಿ ನನ್ನ ಟ್ರಂಕಿನಲ್ಲಿ ನೀರು ಸೋಸುವ ಹೊಸ ಬಟ್ಟೆ ಇಟ್ಟು, ಹತ್ತಿರ ಕರೆದಳು.

"ಅಲ್ಲಿ ಕತ್ತಲಾದ ಮ್ಯಾಲೆ ಊಟಕ್ಕ ಕರೀತಾರ. ನೀ ಉಣ್ಣಬ್ಯಾಡ. ಖರೇ ಬಡಸಾಕ ನಿಲ್ಲು."

ಹಾಗೇ ಮಾಡಿದೆ. ಬೆಳಗಾವಿಯ ಆ ಹಳೆಯ ಕಟ್ಟಡದಲ್ಲಿ ಅಡುಗೆಯವರಿಗೆ ಹೇಳಿ ಹಗಲಿರುವಾಗಲೇ ನನ್ನ ರೊಟ್ಟಿ ತಿಂದು, ರಾತ್ರಿಯ ಗಂಟೆ ಹೊಡೆದಾಗ ಸೌಟು ಹಿಡಿದು ನಿಲ್ಲುತ್ತಿದ್ದೆ. ಹಗಲು ಅವರು ಹೇಳಿಕೊಟ್ಟ ಪಾಠಗಳಲ್ಲಿ ಬಹಳಷ್ಟು ಮರೆತಿದ್ದೇನೆ. ಅಥಣಿಯ ಹುಡುಗಿಗೆ ಅನ್ನ ಸೇರುವುದಿಲ್ಲ, ಸವದತ್ತಿಯವಳು ತಾಯಿಯನ್ನು ನೆನೆದು ತಾಟು ಹಾಗೇ ಬಿಡುತ್ತಾಳೆ, ಒಬ್ಬಳು ಜ್ವರವೆಂದು ಕೋಣೆಯಲ್ಲೇ ಮಲಗಿದ್ದಾಳೆ, ಇವೆಲ್ಲ ನನಗೆ ಎಲ್ಲರಿಗಿಂತ ಮೊದಲು ತಿಳಿಯುತ್ತಿತ್ತು. ಕೊನೆಯ ದಿನ ಶಿಬಿರದ ಪರವಾಗಿ ಯಾರು ಮಾತಾಡುತ್ತೀರಿ ಎಂದಾಗ ಎಲ್ಲರೂ ನನ್ನನ್ನು ಮುಂದೆ ತಳ್ಳಿದರು. ಎದ್ದು ನಿಂತು, ಮೂಲೆಯಲ್ಲಿ ಆಯಿ ಕೂತಿದ್ದಾಳೆಂದುಕೊಂಡು ಶುರುಮಾಡಿದೆ. ಯಾರೋ ಓಡಿ ಬಂದು ಮೈಕನ್ನು ನನ್ನಿಂದ ದೂರ ಸರಿಸಿದರು.

ನನ್ನ ಜೀವನವೆಲ್ಲ ಮುಂದೆ ಇಂಥ ಮಂಡಳಗಳಲ್ಲೇ, ಹಳ್ಳಿಯ ಹುಡುಗಿಯರ ನಡುವೆಯೇ ಕಳೆಯಿತು. ಆಯಿ ಇಲ್ಲ, ಅಪ್ಪ ಇಲ್ಲ, ಹುಣಸೆ ಮರವೂ ಇಲ್ಲ. ನಾನಿರುವುದು ಈಗ ಬೆಳಗಾವಿಯಲ್ಲಿ. ಇಂದಿಗೂ ಹೊತ್ತು ಮುಳುಗುವ ಮುಂಚೆ ಉಣ್ಣುತ್ತೇನೆ. ಉಂಡು, ಪಾತ್ರೆ ತೊಳೆಯಲು ಹಾಕುವ ಮೊದಲು ಒಮ್ಮೆ ಹೊರಬಾಗಿಲಿಗೆ ಹೋಗಿ ರಸ್ತೆಯ ಎರಡೂ ಕಡೆ ನೋಡಿ ಬರುತ್ತೇನೆ. "ಯಾರು ಬರೋದಿದೆ ಅಜ್ಜಿ?" ಎಂದು ಮೊಮ್ಮಗಳು ನಗುತ್ತಾಳೆ. ನಮ್ಮ ಓಣಿಗೆ ಬಸ್ಸೇ ಬರುವುದಿಲ್ಲ ಎಂದು ನನಗೂ ಗೊತ್ತಿದೆ.